ಮೂರು ಅಡಿಗೊಂದು ಸೈಪ್ರಸ್

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಹಲೋ ಅಕ್ಕ’ ಎಂದೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆರಡು ವರ್ಷ ಆಪರೇಟರ್ ಆಗಿದ್ದವಳು. ತರಕಾರಿ ಅಂಗಡಿಯಲ್ಲಿ ಅವಳು ಬಾಯಿ ತೆರೆದರೆ ಸಾಕು, ತಿರುಗಿ ನೋಡದೆಯೇ ಜನ ಗುರುತು ಹಿಡಿಯುತ್ತಿದ್ದರು. “ಮೊನ್ನೆ ನಮ್ಮಣ್ಣನಿಗೆ ಲೈನ್ ಕೊಟ್ಟಿದ್ದು ನೀವೇ ತಾನೆ ಅಕ್ಕಾ?” ಎಂದು ಮಾತಿಗೆಳೆಯುತ್ತಿದ್ದರು. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಯಾರು ಯಾರ ಜೊತೆ ಮಾತಾಡಿದರು, ಏನು ಮಾತಾಡಿದರು ಎಂಬುದನ್ನು ಹೊರಗೆ ಬಿಡಬಾರದೆಂದು ಕೆಲಸಕ್ಕೆ ಸೇರಿದ ದಿನವೇ ಸಹಿ ಹಾಕಿದ್ದಳು. ಊರಿನ ಅರ್ಧದಷ್ಟು ಗುಟ್ಟು ಅವಳ ಕಿವಿಯಲ್ಲಿತ್ತು. ಬಾಯಿಗೆ ಮಾತ್ರ ಬೀಗ.

ಎಕ್ಸ್‌ಚೇಂಜಿನ ಹಾಲ್ ಉದ್ದಕ್ಕಿತ್ತು. ಗೋಡೆಗೆ ಒತ್ತಿ ನಿಂತ ಮರದ ಬೋರ್ಡು, ಅದರ ತುಂಬ ಕಡಲೆ ಗಾತ್ರದ ತೂತುಗಳು, ಕರೆ ಬಂದಾಗ ಮಿಣುಕುವ ದೀಪಗಳು, ಎಳೆದು ಚುಚ್ಚಬೇಕಾದ ತಂತಿಗಳು. ಎದುರಿಗೆ ಆರು ಎತ್ತರದ ಸ್ಟೂಲು. ಅವಳದು ನಾಲ್ಕನೆಯದು. ಅಲ್ಲಿ ಕೂತು ಕತ್ತನ್ನು ಕೊಂಚ ಎಡಕ್ಕೆ ತಿರುಗಿಸಿದರೆ ಕಿಟಕಿಯಾಚೆ ಒಂದು ಸೈಪ್ರಸ್ ಮರ ಕಾಣುತ್ತಿತ್ತು. ಬುಡದಲ್ಲಿ ಅಗಲ, ತುದಿಯಲ್ಲಿ ಚೂಪು. ಗಾಳಿ ಬಂದಾಗ ತುದಿಯಷ್ಟೇ ಅಲುಗುತ್ತಿತ್ತು. ಎರಡು ಕರೆಗಳ ನಡುವೆ ಸಿಗುವ ಅರೆಗಳಿಗೆಯಲ್ಲಿ ಅವಳು ಅದನ್ನು ನೋಡುತ್ತಿದ್ದಳು. ಎಂಟು ಗಂಟೆಯ ಪಾಳಿಯಲ್ಲಿ ಅವಳ ಕಣ್ಣಿಗೆ ಸಿಗುತ್ತಿದ್ದ ಹಸಿರು ಅಷ್ಟೇ.

ಹಾಗಾಗಿ ಸ್ವಂತ ಮನೆಯಾದಾಗ ಅವಳಿಗೆ ಬೇರೆ ಗಿಡದ ಯೋಚನೆಯೇ ಬರಲಿಲ್ಲ.

ಮನೆ ಬೀದಿಯ ಕೊನೆಯದು. ಮೂರು ಕೋಣೆ, ಹಿಂದೆ ಬಟ್ಟೆ ಒಗೆಯುವ ಕಲ್ಲು, ಅದರಾಚೆ ಎದೆಮಟ್ಟದ ಕಾಂಪೌಂಡು. ಕಾಂಪೌಂಡಿನ ಆ ಬದಿಗೆ ಲಾರಿ ಗ್ಯಾರೇಜು. ಅಲ್ಲಿನ ಮೆಕ್ಯಾನಿಕ್‌ಗಳು ಊಟದ ಹೊತ್ತಿಗೆ ಇದೇ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಪಾಪ, ಕೆಟ್ಟವರೇನಲ್ಲ, ಆದರೆ ಒಗೆಯುವ ಕಲ್ಲಿನ ಮುಂದೆ ಸೆರಗು ಸಿಕ್ಕಿಸಿ ನಿಂತ ಹೆಂಗಸಿಗೆ ಏಳೆಂಟು ಜೋಡಿ ಕಣ್ಣು ಎದುರಿಗಿದ್ದರೆ ಕೈ ಓಡುವುದಾದರೂ ಹೇಗೆ? “ಒಂದು ಮರೆ ಆಗಲೇಬೇಕು” ಎಂದು ಅವಳು ಪಟ್ಟು ಹಿಡಿದಳು. ಗಂಡ ತಗಡು ಹೊಡೆಸೋಣವೆಂದ. “ತಗಡು ನೋಡೋಕೆ ನಾನು ಸ್ವಂತ ಮನೆ ಕಟ್ಟಿಸಬೇಕಿತ್ತಾ?” ಎಂದಳು. ಆ ಮಾತು ಅಲ್ಲಿಗೆ ಮುಗಿಯಿತು.

ಗಂಡ ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವವನು. ಅಂಗಿಯ ಗುಂಡಿ ಹಾಕಿಕೊಳ್ಳುವಾಗಲೂ ಒಂದಕ್ಕೂ ಇನ್ನೊಂದಕ್ಕೂ ಎಷ್ಟು ಅಂತರವಿದೆ ಎಂದು ನೋಡುವ ಆಸಾಮಿ. ಕಾಂಪೌಂಡಿನ ಉದ್ದ ಅಳೆದು, ಹಾಳೆಯ ಮೇಲೆ ಐದು ಪುಟ್ಟ ವೃತ್ತ ಹಾಕಿ ತಂದ. “ಆರು ಅಡಿಗೊಂದು. ಐದು ಗಿಡ ಸಾಕು” ಎಂದ.

“ಆರು ಅಡಿ ಬಿಟ್ರೆ ನಮ್ಮ ಮಗಳ ಮದುವೆ ಹೊತ್ತಿಗೆ ಮರೆಯಾಗುತ್ತೆ. ಮೂರು ಅಡಿಗೊಂದು ಹಾಕಿ.”

ಮಗಳಿಗೆ ಆಗ ನಾಲ್ಕು ವರ್ಷ.

ನರ್ಸರಿಯ ಮುದುಕನೂ ಗಂಡನ ಕಡೆಗೇ ವಾಲಿದ. “ಇದು ಪೆನ್ಸಿಲ್ ಥರ ನೆಟ್ಟಗೆ ಹೋಗೋ ಜಾತಿಯಲ್ಲ ತಾಯಿ, ಮೈ ಬಿಡೋ ಜಾತಿ. ಆಮೇಲೆ ಒಂದರ ಮೇಲೊಂದು ಬಿದ್ಕೊಂಡು ಗಾಳಿಯಾಡಲ್ಲ” ಎಂದ. ಅವಳು ಒಂಬತ್ತು ಗಿಡ ಎಣಿಸಿ ಗಾಡಿಗೆ ಹಾಕಿಸಿಯೇಬಿಟ್ಟಳು. ಗಾಡಿ ಹೊರಡುವಾಗ ಮುದುಕ ಕೂಗಿ ಹೇಳಿದ: “ನೀರು ಹಿಡಿತದಲ್ಲಿರಲಿ! ನಾನು ನೋಡಿದ ಹಾಗೆ ಇವು ಬಾಯಾರಿ ಸತ್ತಿದ್ದಕ್ಕಿಂತ ಕುಡಿದು ಸತ್ತಿದ್ದೇ ಜಾಸ್ತಿ!”

“ನಮ್ಮ ಸೋದರಮಾವನ ವಂಶ” ಎಂದ ಗಂಡ.

ಭಾನುವಾರ ಬೆಳಿಗ್ಗೆ ಗುಂಡಿ ತೋಡಿದರು. ಗುಂಡಿ ಆಳವಾಗುವುದು ಬೇಡ, ಬೇರಿನ ಮುದ್ದೆಯಷ್ಟೇ ಆಳ, ಅಗಲ ಮಾತ್ರ ಅದರ ಎರಡರಷ್ಟು. ಮುದುಕ ಹೇಳಿದ್ದನ್ನು ಅವಳು ಒಂದಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದಳು. ಟೆಲಿಫೋನ್ ನಂಬರುಗಳನ್ನು ನೆನಪಿಡುವವಳಿಗೆ ಅದೆಷ್ಟರ ಮಾತು? ಡಬ್ಬಿಯೊಳಗೆ ಸುತ್ತಿಕೊಂಡಿದ್ದ ಬೇರುಗಳನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ, ಕಾಂಡದ ಬುಡ ಮಣ್ಣಿನೊಳಗೆ ಹೂತುಹೋಗದಂತೆ ಒಂದು ಕೂದಲೆಳೆ ಮೇಲೆಯೇ ನಿಲ್ಲಿಸಿ, ಸುತ್ತ ಮಣ್ಣು ತುಂಬಿ ಅಂಗೈಯಿಂದ ಒತ್ತಿದಳು. ಮಧ್ಯಾಹ್ನದ ಹೊತ್ತಿಗೆ ಮೊಣಕಾಲೆತ್ತರದ ಒಂಬತ್ತು ಗಿಡಗಳು ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿದ್ದವು. ಗೋಡೆಯ ಮೇಲೆ ಕೂತಿದ್ದ ಮೆಕ್ಯಾನಿಕ್ ಒಬ್ಬ, “ಅಕ್ಕಾ, ಇದು ನಮ್ಮನ್ನ ಮುಚ್ಚೋಷ್ಟು ಎತ್ತರ ಆಗೋದ್ರೊಳಗೆ ನಾವು ರಿಟೈರ್ ಆಗಿರ್ತೀವಿ” ಎಂದ. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ನಗದೆ ಇದ್ದವರು ಒಬ್ಬರೇ, ಅತ್ತೆ.

“ಮನೆ ಅಂಗಳದಲ್ಲಿ ಯಾರಾದ್ರೂ ಸ್ಮಶಾನದ ಮರ ನೆಡ್ತಾರಾ? ಗೋರಿ ಪಕ್ಕ ಅಲ್ಲದೆ ಬೇರೆಲ್ಲೂ ಇದನ್ನ ನಾನು ಕಂಡಿಲ್ಲ. ಹೂವಿಲ್ಲ, ಹಣ್ಣಿಲ್ಲ. ಏನು ಸುಖ?” ಎಂದು ಹಿತ್ತಿಲ ಬಾಗಿಲಲ್ಲೇ ಮೂಗು ಮುರಿದು ಒಳಗೆ ಹೋದರು. ಅಂದಿನಿಂದ ಆ ಬದಿಯ ಹಗ್ಗಕ್ಕೆ ತಮ್ಮ ಸೀರೆ ಒಣಹಾಕುವುದನ್ನೂ ಬಿಟ್ಟರು. ಅತ್ತೆ ಕಡಿಮೆ ಮಾತಿನವರು, ಆದರೆ ಮುಖ ಗಂಟಿಕ್ಕಿದರೆ ಅದನ್ನು ಬಿಚ್ಚುವವರು ಮನೆಯಲ್ಲಿ ಯಾರೂ ಇರಲಿಲ್ಲ. ಸೊಸೆಯೂ ಕಡಿಮೆಯವಳಲ್ಲ, ‘ಬೇಡವೆಂದರೆ ಬೇಡ, ನೋಡದೆ ಇರಲಿ’ ಎಂದುಕೊಂಡು ತನ್ನ ಪಾಡಿಗೆ ತಾನು ಗಿಡಗಳನ್ನು ನೋಡಿಕೊಂಡಳು.

ಮೊದಲ ವರ್ಷ ಗಿಡಗಳು ಚೆನ್ನಾಗಿಯೇ ಬಂದವು. ಎರಡನೆಯ ಬೇಸಿಗೆಯಲ್ಲಿ ನಡುವಿನ ಮೂರು ಗಿಡಗಳು ಬುಡದಿಂದ ಹಳದಿಯಾಗತೊಡಗಿದವು. ಅವಳು ಬೇಸಿಗೆಯ ಧಗೆ ಎಂದುಕೊಂಡಳು. ಆದರೆ ಬುಡಕ್ಕೆ ಬೆರಳು ಹಾಕಿ ನೋಡಿದರೆ ಮಣ್ಣು ಕೆಸರು. ಎರಡು ಗೆಣ್ಣು ಒಳಗೆ ಇಳಿಸಿದರೆ ಕೊಳೆತ ವಾಸನೆ. ಅವಳು ನೀರು ಹಾಕಿ ಐದು ದಿನವಾಗಿತ್ತು. ಗಂಡನನ್ನು ಕೇಳಿದಳು, ಅವನಿಗೆ ಗಿಡದ ಬುಡ ಎಲ್ಲಿದೆ ಎಂಬುದೇ ಮರೆತುಹೋಗಿತ್ತು. ಇನ್ನುಳಿದವರು ಯಾರು? ಅವಳ ತಲೆಯಲ್ಲಿ ಹುಳ ಹೊಕ್ಕಿತು.

ಅದೇ ವಾರ ಒಂದು ದಿನ ಎಲ್ಲೋ ಕೇಬಲ್ ತುಂಡಾಗಿ ಬೋರ್ಡಿನ ಅರ್ಧ ದೀಪಗಳು ಸತ್ತುಹೋದವು. ಮೇಲ್ವಿಚಾರಕಿ ಇವಳೂ ಸೇರಿ ಇಬ್ಬರನ್ನು ಮನೆಗೆ ಕಳಿಸಿದಳು. ಅವಳು ಹತ್ತು ಗಂಟೆಗೇ ಮನೆಗೆ ಬಂದು ಹಿತ್ತಿಲಿಗೆ ಕಾಲಿಟ್ಟರೆ, ಅತ್ತೆ! ಬಟ್ಟೆ ಜಾಲಿಸಿದ ನೀರಿನ ಬಕೆಟ್ಟು ಪಕ್ಕದಲ್ಲಿ, ಕೈಯಲ್ಲಿ ಚೊಂಬು. ನಾಲ್ಕನೆಯ ಗಿಡದ ಬುಡಕ್ಕೆ ಬಗ್ಗಿ ಸುರಿಯುತ್ತಿದ್ದಾರೆ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. “ಸಾಯಿಸೋದಾದ್ರೆ ನನ್ನೆದುರಿಗೇ ಸಾಯಿಸಿ ಅತ್ತೆ! ನಾನಿಲ್ಲದಾಗ ಕದ್ದು ಯಾಕೆ?”

ಅತ್ತೆ ನೆಟ್ಟಗಾದರು. ತುಟಿ ಅಲುಗಿದಂತಾಯಿತು. ಚೊಂಬನ್ನು ಒಗೆಯುವ ಕಲ್ಲಿನ ಮೇಲೆ ಸದ್ದಾಗದಂತೆ ಇಟ್ಟು ಒಳಗೆ ಹೋದರು.

ನಾಲ್ಕನೆಯ ಗಿಡ ಸತ್ತೇಹೋಯಿತು. ಕಿತ್ತು ನೋಡಿದಾಗ ಬೇರು ಕಪ್ಪಗೆ ಮೆತ್ತಗಾಗಿತ್ತು. ಉಳಿದೆರಡರ ಸುತ್ತ ಕಾಲುವೆ ತೋಡಿ, ಜಲ್ಲಿ ಬೆರೆಸಿ, ಮೂರು ವಾರ ಒಂದು ಹನಿ ನೀರು ತೋರಿಸದೆ ಅವಳು ಬದುಕಿಸಿಕೊಂಡಳು. ಮನೆಯೊಳಗಿನ ಮಾತನ್ನು ಮಾತ್ರ ಬದುಕಿಸಲಾಗಲಿಲ್ಲ. ಅತ್ತೆ ಸೊಸೆಯ ನಡುವೆ ಮಾತು ನಿಂತೇಹೋಯಿತು. ಏನಿದ್ದರೂ ಮಗಳ ಮೂಲಕ: “ನಿಮ್ಮಮ್ಮನಿಗೆ ಹೇಳು, ಹಾಲು ಉಕ್ಕುತ್ತಿದೆ.” “ನಿಮ್ಮಜ್ಜಿಗೆ ಹೇಳು, ನನಗೂ ಕಣ್ಣಿದೆ.” ಹಾಲು ಉಕ್ಕಿ ಒಲೆ ಆರಿಹೋಗುತ್ತಿತ್ತು. ಗಂಡ ಇಬ್ಬರ ಮುಖ ನೋಡಿ ನೋಡಿ ಬೇಸತ್ತು, “ಊರಿಗೆಲ್ಲ ಲೈನ್ ಕೊಡ್ತೀಯ, ಮನೇಲಿ ಮಾತ್ರ ಯಾವಾಗ್ಲೂ ಎಂಗೇಜು” ಎಂದು ಗೊಣಗಿದ. ಆ ಜೋಕಿಗೆ ಇಬ್ಬರೂ ನಗಲಿಲ್ಲ.

ಹೀಗೆ ಐದು ತಿಂಗಳು ಕಳೆಯಿತು.

ಒಂದು ಬೆಳಿಗ್ಗೆ ಅವಳು ಟ್ರಂಕ್ ಕಾಲ್ ಬೋರ್ಡಿನಲ್ಲಿದ್ದಳು. ದೂರದ ಊರಿಗೆ ಮಾತಾಡಬೇಕೆಂದರೆ ಆಗ ಪೋಸ್ಟ್ ಆಫೀಸಿಗೆ ಹೋಗಿ ಕರೆ ಬರೆಸಿ ಕಾಯಬೇಕಿತ್ತು. ಪೋಸ್ಟ್ ಆಫೀಸಿನ ದೀಪ ಮಿಣುಕಿತು. ಗುಮಾಸ್ತ ನಂಬರ್ ಹೇಳಿದ. ಆ ನಂಬರ್ ಅವಳಿಗೆ ಗೊತ್ತಿತ್ತು: ಅತ್ತೆಯ ತಂಗಿಯ ಪಕ್ಕದ ಮನೆಯದು. ಯಾರಿಗೇನಾಯಿತೋ ಎಂದುಕೊಂಡೇ ತಂತಿ ಚುಚ್ಚಿದಳು. ಆ ಕಡೆಯವರು ಚಿಕ್ಕತ್ತೆಯನ್ನು ಕರೆತಂದ ಮೇಲೆ ಎಲ್ಲರಿಗೂ ಹೇಳುವಂತೆ “ಮಾತಾಡಿ” ಎಂದಳು.

ಲೈನು ಹದಗೆಟ್ಟಿತ್ತು, ನಡುನಡುವೆ ಕಿರುಗುಟ್ಟುತ್ತಿತ್ತು. ಅಂಥ ಹೊತ್ತಿನಲ್ಲಿ ಲೈನ್ ಸತ್ತಿದೆಯೋ ಬದುಕಿದೆಯೋ ಎಂದು ಆಪರೇಟರ್ ಕಿವಿಗೊಟ್ಟು ನೋಡುತ್ತಿರಬೇಕು. ಅವಳು ಕಿವಿಗೊಟ್ಟಳು.

“ನಾನು ಸಾಯಿಸೋಕೆ ಹಾಕಿದ್ದಲ್ಲ ಕಣೇ!” ಅತ್ತೆಯ ದನಿ. ಮನೆಯಲ್ಲಿ ಎಂದೂ ಅಷ್ಟು ಜೋರಾಗಿ ಕೇಳಿರಲಿಲ್ಲ.

“ಏನು? ಯಾರು ಸತ್ರು?” ಚಿಕ್ಕತ್ತೆ.

“ಯಾರೂ ಸತ್ತಿಲ್ಲ! ಗಿಡ! ಸೊಸೆ ನೆಟ್ಟ ಗಿಡ! ಬಿಸಿಲಿಗೆ ಬಾಡ್ತಿತ್ತು. ಅವಳು ಡ್ಯೂಟಿಗೆ ಹೋದಾಗ ನಾನು ದಿನಾ ನೀರು ಹಾಕ್ತಿದ್ದೆ!”

“ನೀರು ಬರ್ತಿಲ್ವಾ? ಇಲ್ಲೂ ಬರ್ತಿಲ್ಲ ಅಕ್ಕಾ!”

“ನೀರು ಬರುತ್ತೆ! ಜಾಸ್ತಿ ಆಗಿ ಕೊಳೆತುಹೋಯ್ತು! ಬೇಡ ಬೇಡ ಅಂದವಳು ನಾನೇ. ಆಮೇಲೆ ನೋಡ್ತಾ ನೋಡ್ತಾ ಆಸೆ ಹುಟ್ಟಿತು. ಅದನ್ನ ಬಾಯಿಬಿಟ್ಟು ಹೇಳೋಕೆ ನಾಚಿಕೆ. ಅವಳು ಸಾಯಿಸ್ತಿದ್ದೀರ ಅಂತ ಕೇಳಿದಳು. ನನಗೆ ಬಾಯೇ ಬರಲಿಲ್ಲ…”

ದನಿ ಅಲ್ಲಿಗೆ ಒಡೆಯಿತು. ಚಿಕ್ಕತ್ತೆ ಆ ಕಡೆಯಿಂದ ಬಾವಿಯ ನೀರು ತಳ ಮುಟ್ಟಿರುವ ಕತೆ ಹೇಳುತ್ತಲೇ ಇದ್ದರು. ಮೂರು ನಿಮಿಷವಾದ ಕೂಡಲೇ ನಡುವೆ ಬಾಯಿ ಹಾಕಿ ‘ಸಮಯ ಮುಗಿಯಿತು’ ಎನ್ನಬೇಕು, ಅದು ನಿಯಮ. ಗಡಿಯಾರದ ಮುಳ್ಳು ಮೂರು ದಾಟಿತು, ನಾಲ್ಕು ದಾಟಿತು. ಅವಳು ಬಾಯಿ ತೆರೆಯಲಿಲ್ಲ. ಪಕ್ಕದ ಸ್ಟೂಲಿನವಳು “ಏನಾಯ್ತೇ?” ಎಂದು ಸನ್ನೆ ಮಾಡಿದಳು. ಅವಳು ಮುಖ ಕಿಟಕಿಯತ್ತ ತಿರುಗಿಸಿ, ಹೆಡ್‌ಸೆಟ್ಟಿನ ಪಟ್ಟಿ ಸರಿಮಾಡಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡಳು.

ಮನೆಗೆ ಹೋಗುವ ದಾರಿಯುದ್ದಕ್ಕೂ ಲೆಕ್ಕಾಚಾರ. ಕ್ಷಮಿಸಿ ಎನ್ನೋಣವೆಂದರೆ, ಯಾಕೆ ಎಂದು ಕೇಳಿದರೆ? ಕದ್ದು ಕೇಳಿಸಿಕೊಂಡೆ ಎನ್ನಬೇಕಾಗುತ್ತದೆ; ಕೆಲಸಕ್ಕೇ ಕುತ್ತು. ಅದಕ್ಕಿಂತ ಹೆಚ್ಚಾಗಿ, ಅತ್ತೆ ತಂಗಿಯ ಹತ್ತಿರವೆಂದು ಬಿಚ್ಚಿಟ್ಟ ಮಾತನ್ನು ಅವರ ಮುಂದೆಯೇ ತೆಗೆದರೆ ಅವರ ಮುಖ ಏನಾಗಬೇಕು? ಕೊನೆಗೆ ಸೀದಾ ಹಿತ್ತಿಲಿಗೆ ಹೋದಳು. ಒಗೆಯುವ ಕಲ್ಲಿನ ಮೇಲಿದ್ದ ಚೊಂಬು ತಂದು ಅತ್ತೆಯ ಮುಂದೆ ಹಿಡಿದಳು.

“ಅತ್ತೆ, ನನಗೆ ಪಾಳಿ ಕೆಲಸ. ಗಿಡಕ್ಕೆ ಹೊತ್ತಿಗೆ ಸರಿಯಾಗಿ ನೀರು ಹಾಕೋಕಾಗ್ತಿಲ್ಲ. ನೀವು ನೋಡ್ಕೋತೀರಾ?”

ಅತ್ತೆ ಚೊಂಬನ್ನೇ ನೋಡಿದರು. ಅದನ್ನು ಕೈಗೆ ತೆಗೆದುಕೊಂಡು, “ದಿನಾ ಎಷ್ಟು?” ಎಂದರು.

“ದಿನಾ ಬೇಡ. ವಾರಕ್ಕೊಂದು ಸಲ, ಆದರೆ ಬೇರಿನ ತನಕ ಇಳಿಯೋ ಹಾಗೆ. ಬೆರಳು ಎರಡು ಗೆಣ್ಣು ಇಳಿಸಿ ನೋಡಿ. ಒಣಗಿದ್ರೆ ಮಾತ್ರ.”

“ವಾರಕ್ಕೊಂದೇ ಸಲವಾ? ಪಾಪ!” ಎಂದರು ಅತ್ತೆ. ಐದು ತಿಂಗಳಲ್ಲಿ ಸೊಸೆಗೆ ನೇರವಾಗಿ ಹೇಳಿದ ಎರಡನೆಯ ಮಾತು ಅದು.

ಆಮೇಲೆ ಆ ಸಾಲು ಅತ್ತೆಯದೇ ಆಯಿತು. ಒಣಎಲೆಯನ್ನು ಬುಡದ ಸುತ್ತ ಹರಡಿ, ಕಾಂಡಕ್ಕೆ ತಾಗದಂತೆ ಗೇಣುದ್ದ ಬಿಟ್ಟು ಬಳೆಯ ಹಾಗೆ ಮಾಡುತ್ತಿದ್ದರು. ಕೊಂಬೆಯಲ್ಲಿ ಒಣಕಡ್ಡಿಯಂಥ ಚೀಲ ಕಟ್ಟಿಕೊಂಡು ನೇತಾಡುವ ಹುಳಗಳನ್ನು ಒಂದೊಂದಾಗಿ ಕಿತ್ತು ಸೋಪಿನ ನೀರಿಗೆ ಹಾಕುತ್ತಿದ್ದರು. “ನೋಡು, ಎಷ್ಟು ಜಾಣ, ಮನೆ ಬೆನ್ನ ಮೇಲೆ ಹೊತ್ಕೊಂಡೇ ಕಳ್ಳತನಕ್ಕೆ ಬಂದಿದೆ” ಎನ್ನುತ್ತಿದ್ದರು. ಬಿರುಗಾಳಿಗೆ ಒಂದು ಗಿಡದ ಕೊಂಬೆಗಳು ಕಿತ್ತುಕೊಂಡಂತೆ ಬಾಯಿಬಿಟ್ಟಾಗ, ತಮ್ಮ ಹಳೆಯ ಹತ್ತಿ ಸೀರೆಯನ್ನು ಉದ್ದಕ್ಕೆ ಹರಿದು, ಕಾಂಡಕ್ಕೆ ನೋವಾಗದಂತೆ ಸಡಿಲವಾಗಿ ಸುತ್ತಿ ಕಟ್ಟಿದರು. ಕತ್ತರಿ ಮಾತ್ರ ಸೊಸೆಯ ಕೈಯಲ್ಲಿ. ಹಸಿರು ಇರುವಷ್ಟೇ ಕತ್ತರಿಸಬೇಕು, ಒಳಗಿನ ಕಂದು ಕೊಂಬೆಗೆ ಕೈ ಹಾಕಿದರೆ ಅಲ್ಲಿ ಮತ್ತೆ ಚಿಗುರುವುದಿಲ್ಲ. ಅವಳು ಕತ್ತರಿ ಹಿಡಿದಾಗಲೆಲ್ಲ ಅತ್ತೆ ಹಿಂದೆ ನಿಂತು, “ಸಾಕು, ಸಾಕು, ಬೋಳು ಮಾಡ್ತೀಯ” ಎಂದು ಉಸಿರು ಬಿಗಿಹಿಡಿಯುತ್ತಿದ್ದರು.

ಸತ್ತ ಗಿಡದ ಜಾಗದಲ್ಲಿ ಇನ್ನೊಂದು ನೆಡಲಿಲ್ಲ. ಆ ಸಂದಿಯಲ್ಲಿ ಬೆತ್ತದ ಎರಡು ಕುರ್ಚಿ ಬಂದವು. ಐದಾರು ವರ್ಷದಲ್ಲಿ ಗ್ಯಾರೇಜು ಕಣ್ಮರೆಯಾಯಿತು. ಸುತ್ತಿಗೆಯ ಸದ್ದು ಮಾತ್ರ ಎಲೆಗಳ ಆಚೆಯಿಂದ ದೂರದ್ದೆನ್ನುವ ಹಾಗೆ ಕೇಳುತ್ತಿತ್ತು. ಬೆಳಗಿನ ಪಾಳಿ ಮುಗಿಸಿ ಅವಳು ಬಂದಾಗ ಕುರ್ಚಿಗಳ ಮೇಲೆ ನೆರಳು ಬಿದ್ದಿರುತ್ತಿತ್ತು. ಅತ್ತೆ ಕಾಳು ಬಿಡಿಸುತ್ತಾ, ಅವಳು ಕಾಲು ಚಾಚಿ ಕಣ್ಣು ಮುಚ್ಚಿ, ಗಂಟೆಗಟ್ಟಲೆ ಏನೂ ಮಾತಾಡದೆ ಕೂರುತ್ತಿದ್ದರು. ಇಡೀ ದಿನ ಕಿವಿಯಲ್ಲಿ ಮಾತು ತುಂಬಿಕೊಂಡು ಬರುವವಳಿಗೆ ಅದಕ್ಕಿಂತ ದೊಡ್ಡ ಉಪಚಾರ ಇನ್ನೊಂದಿರಲಿಲ್ಲ. ಬಿಸಿಲಿಗೆ ಎಲೆ ಕಾದಾಗ ಬರುತ್ತಿದ್ದ ರಾಳದ ಪರಿಮಳ, ಹಸಿಕಾಳಿನ ವಾಸನೆ, ಅತ್ತೆಯ ಬೆರಳಿನ ಚಿಟಕ್ ಚಿಟಕ್ ಸದ್ದು. ಆ ವರ್ಷಗಳನ್ನು ನೆನೆದರೆ ಇಂದಿಗೂ ಅವಳಿಗೆ ಮೊದಲು ನೆನಪಾಗುವುದು ಅವು ಮೂರೇ.

ಮಗಳು ಕಾಲೇಜು ಸೇರಿದ ವರ್ಷ ಎಕ್ಸ್‌ಚೇಂಜು ಆಟೊಮ್ಯಾಟಿಕ್ ಆಯಿತು. ಜನ ತಾವೇ ನಂಬರ್ ತಿರುಗಿಸತೊಡಗಿದರು. ಬೋರ್ಡುಗಳನ್ನು ಬಿಚ್ಚಿ ಲಾರಿಗೆ ಹೇರುವಾಗ ಆರು ಹೆಂಗಸರು ಮೆಟ್ಟಿಲ ಮೇಲೆ ನಿಂತು ನೋಡಿದರು. ಅವಳನ್ನು ದೂರು ಬರೆದುಕೊಳ್ಳುವ ಕೌಂಟರಿಗೆ ಹಾಕಿದರು. “ಇಷ್ಟು ವರ್ಷ ಜನ ‘ಥ್ಯಾಂಕ್ಸ್ ಅಕ್ಕಾ’ ಅಂತಿದ್ರು, ಈಗ ಬರೀ ಬೈತಾರೆ” ಎಂದು ಅಂದು ಸಂಜೆ ಕುರ್ಚಿಯಲ್ಲಿ ಕೂತು ಅತ್ತಳು. ಅತ್ತೆ ಕಾಳಿನ ಬುಟ್ಟಿಯನ್ನು ಅವಳ ಮಡಿಲಿಗೆ ಸರಿಸಿದರು. ಇಬ್ಬರೂ ಸೇರಿ ಬಿಡಿಸಿದರು.

ಅದರ ಮರುವರ್ಷ ಗಂಡನ ಮಾತು ಗೆಲ್ಲುವ ದಿನ ಬಂತು. ಮರಗಳು ಒಂದಕ್ಕೊಂದು ಹೆಣೆದುಕೊಂಡು, ತಾಗುವ ಕಡೆಯೆಲ್ಲ ಒಳಗೊಳಗೇ ಒಣಗಿ ಕಂದಾಗುತ್ತಿದ್ದವು. ಗಾಳಿಯಿಲ್ಲ, ಬೆಳಕಿಲ್ಲ. ನರ್ಸರಿಯ ಮುದುಕ ಕೋಲೂರಿಕೊಂಡು ಬಂದು ನೋಡಿ, “ಒಂದು ಬಿಟ್ಟು ಒಂದು ತೆಗೀಬೇಕು ತಾಯಿ. ಇಲ್ಲದಿದ್ರೆ ಎಲ್ಲಾನೂ ಕಳ್ಕೋತೀರ” ಎಂದ. ಎಂಟರಲ್ಲಿ ಮೂರು ಹೋದರೆ ಉಳಿಯುವುದು ಐದು, ಆರು ಅಡಿಗೊಂದು. ಗಂಡ ಒಳಗೆ ಹೋಗಿ ಕಡತದ ಪೆಟ್ಟಿಗೆಯಿಂದ ಹಳದಿಯಾದ ಹಾಳೆಯೊಂದನ್ನು ತಂದು ಮೇಜಿನ ಮೇಲಿಟ್ಟ. ಐದು ವೃತ್ತ.

“ಇದನ್ನ ಇಷ್ಟು ವರ್ಷ ಇಟ್ಕೊಂಡಿದ್ರಾ?” ಎಂದಳು ಅವಳು.

“ನಾನು ಸರಿ ಅಂತ ಈ ಮನೇಲಿ ಇನ್ನೆಲ್ಲಾದ್ರೂ ಬರೆದಿದೆಯಾ?” ಎಂದ ಅವನು.

ಮರ ಕಡಿಯುವವರು ಬಂದ ದಿನ ಅತ್ತೆ ಹಿತ್ತಿಲಿಗೆ ಬರಲಿಲ್ಲ. ಕೊಡಲಿಯ ಸದ್ದು ನಿಂತ ಮೇಲೆ, ಸಂಜೆ, ಗೋಡೆ ಹಿಡಿದುಕೊಂಡು ಮೆಲ್ಲಗೆ ಬಂದು ಕುರ್ಚಿಯಲ್ಲಿ ಕೂತರು. ಆಗಲೇ ಎಂಬತ್ತರ ಹತ್ತಿರ. ಹಸಿಮರದ ವಾಸನೆ ಹಿತ್ತಿಲ ತುಂಬ. ಸೊಸೆ ಪಕ್ಕದಲ್ಲಿ ಕೂತು, ಎದೆಯಲ್ಲಿ ಅಷ್ಟು ವರ್ಷ ಕೊರೆಯುತ್ತಿದ್ದದ್ದನ್ನು ಅಂದು ಹೇಳಿಬಿಡೋಣವೆಂದು ಬಾಯಿ ತೆರೆದಳು.

“ಅತ್ತೆ, ನಿಮ್ಮ ಹತ್ರ ಒಂದು ಮಾತು ಮುಚ್ಚಿಟ್ಟಿದ್ದೀನಿ. ಒಂದು ಸಲ ನೀವು ಚಿಕ್ಕತ್ತೆಗೆ ಫೋನ್ ಮಾಡಿದಾಗ…”

“ಮೂರು ನಿಮಿಷ ಆದ್ರೂ ನೀನು ಕಟ್ ಮಾಡಲಿಲ್ಲ” ಎಂದರು ಅತ್ತೆ.

ಅವಳು ಬೆಪ್ಪಾಗಿ ನೋಡಿದಳು.

“ಅಲ್ಲವೇ, ನನ್ನ ತಂಗಿಗೆ ಹುಟ್ಟಿದಾಗಿಂದ ಕಿವಿ ಮಂದ. ಅವಳಿಗೆ ಯಾರಾದ್ರೂ ಫೋನ್ ಮಾಡ್ತಾರಾ? ಅದೊಂದು ಸಲ ಬಿಟ್ರೆ ನಾನು ಯಾವತ್ತಾದ್ರೂ ಮಾಡಿದ್ದೀನಾ?” ಅತ್ತೆ ಸೆರಗಿನ ತುದಿಯಿಂದ ತುಟಿ ಒರೆಸಿಕೊಂಡರು. “ಗೋಡೆ ಮೇಲಿದ್ದ ನಿನ್ನ ಪಾಳಿ ಪಟ್ಟಿ ನೋಡ್ಕೊಂಡೇ ಹೋಗಿದ್ದು. ಎದುರಿಗೆ ನಿಂತು ಹೇಳೋಕೆ ನನಗೆ ಬರಲ್ಲ. ಫೋನಲ್ಲಾದ್ರೆ ನೀನು ನಡುವೆ ಮಾತಾಡೋ ಹಾಗಿಲ್ಲವಲ್ಲ.”

ಅವಳಿಗೆ ಮೊದಲು ನಗು ಬಂತು. ಅತ್ತೆಗೂ ಬಂತು. ಚಿಕ್ಕತ್ತೆಯ ಬಾವಿಯ ಕತೆ ನೆನಪಾಗಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಳಗಿನಿಂದ ಬಂದ ಗಂಡ, ಕಡಿದ ಮೂರು ಬೊಡ್ಡೆಗಳ ಪಕ್ಕ ಕೂತು ಹೀಗೆ ನಗುವ ಇಬ್ಬರನ್ನು ಕಂಡು, ತಲೆಬುಡ ಅರ್ಥವಾಗದೆ ಹಿಂದಕ್ಕೆ ಹೋದ. ಅವನಿಗೆ ಅವರು ಎಂದೂ ಹೇಳಲಿಲ್ಲ.

ಅತ್ತೆ ಆಮೇಲೆ ಎರಡು ವರ್ಷ ಇದ್ದರು. ಉಳಿದ ಐದು ಮರಗಳಿಗೆ ಬೆಳಕು ಸಿಕ್ಕಿ ಮೈ ತುಂಬಿಕೊಂಡದ್ದನ್ನು ಕಣ್ಣಾರೆ ಕಂಡರು. ಕೊನೆಯ ತಿಂಗಳುಗಳಲ್ಲಿ ಎದ್ದು ಓಡಾಡಲಾಗದಿದ್ದಾಗ ಸೊಸೆ ಮಂಚವನ್ನೇ ಹಿಂದಿನ ಕೋಣೆಯ ಕಿಟಕಿಗೆ ತಂದು ಹಾಕಿದಳು. ಒಂದು ಮಧ್ಯಾಹ್ನ ಅಲ್ಲಿಯೇ, ಕೈ ಸೊಸೆಯ ಕೈಯಲ್ಲಿರುವಾಗ, ಉಸಿರು ನಿಧಾನವಾಗಿ ನಿಂತಿತು. ಆ ವರ್ಷ ಅವಳಿಗೆ ಹಿತ್ತಿಲಿಗೆ ಹೋಗುವುದೇ ಕಷ್ಟವಾಯಿತು. ಹುಳ ಹೆಚ್ಚಾಗಿ ಒಂದು ಮರದ ಒಂದು ಮಗ್ಗುಲು ಬೋಳಾದ ಮೇಲೆ, ಅತ್ತೆ ಇದ್ದಿದ್ದರೆ ಬೈಯುತ್ತಿದ್ದರೆಂದು ಎದ್ದು ಏಣಿ ಹಾಕಿದಳು.

ಈಗ ಅವಳಿಗೆ ಅರವತ್ತೆಂಟು. ಮಗಳು ಇದೇ ಮನೆಯ ಮೇಲೆ ಒಂದು ಮಹಡಿ ಕಟ್ಟಿಸಿಕೊಂಡು ಗಂಡ, ಮಕ್ಕಳ ಜೊತೆ ಇದ್ದಾಳೆ. ಗ್ಯಾರೇಜು ಹೋಗಿ ಆ ಜಾಗದಲ್ಲಿ ನಾಲ್ಕು ಅಂತಸ್ತಿನ ಮನೆಗಳು ಬಂದಿವೆ. ಮರಗಳು ಮಹಡಿಯನ್ನೂ ಮೀರಿವೆ. ಹೋದ ವಾರ ಆಚೆಯ ಆ ಮನೆಗಳಲ್ಲೊಂದಕ್ಕೆ ಹೊಸದಾಗಿ ಬಾಡಿಗೆಗೆ ಬಂದ ಹುಡುಗಿಯೊಬ್ಬಳು, ಎರಡನೆಯ ಅಂತಸ್ತಿನ ಬಾಲ್ಕನಿಯಿಂದ ಬಟ್ಟೆ ಒಣಹಾಕುತ್ತಾ ಕೂಗಿ ಕೇಳಿದಳು: “ಆಂಟಿ, ಬೆಳಿಗ್ಗೆ ಕಿಟಕಿ ತೆಗೆದ್ರೆ ಎಂಥಾ ಪರಿಮಳ! ಯಾರು ನೆಟ್ಟಿದ್ದು ಈ ಮರಗಳನ್ನ?”

“ನಾನು ಮತ್ತು ನಮ್ಮತ್ತೆ” ಎಂದಳು ಅವಳು.

“ಗುಂಡಿ ತೋಡಿದವನು ನಾನು!” ಎಂದು ಒಳಗಿನಿಂದ ಗಂಡನ ಮುದಿ ದನಿ ಬಂತು.

ಬಾಲ್ಕನಿಯ ಹುಡುಗಿ ನಕ್ಕಳು. ಕುಂಡದಲ್ಲಿ ಬೆಳೆಯುವ ಚಿಕ್ಕ ಜಾತಿ ಯಾವುದಾದರೂ ಇದೆಯಾ, ತಾನೂ ಒಂದು ತರಬೇಕು ಎಂದಳು. “ಇದೆ, ನಾಳೆ ಕೆಳಗೆ ಬಾ, ಕರ್ಕೊಂಡು ಹೋಗ್ತೀನಿ” ಎಂದು ಹಲೋ ಅಕ್ಕ ಕತ್ತೆತ್ತಿ ಕೂಗಿದಳು, ಅದೇ ದನಿಯಲ್ಲಿ. ಆಮೇಲೆ ಸೆರಗು ಸಿಕ್ಕಿಸಿ, ಕೊನೆಯ ಮರದ ಕೆಳಗೆ ಉದುರಿದ್ದ ಒಣಎಲೆ ಗುಡಿಸಲು ಬಗ್ಗಿದಳು.